ಇಂಜಿನ್ ಕುದಿಯುವುದು ಏಕೆ?

ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ನೆಂಟರ ಮನೆಗೆ ಹೊರಟಾಗ ಕಾರು ಕೈಕೊಡುವುದು ಹೆಚ್ಚಾಗಿ ಘಾಟಿಯಲ್ಲೇ. ಶಿರಾಡಿ, ಚಾರ್ಮಾಡಿಯ ಏರಿನಲ್ಲಿ ಬಾನೆಟ್ ಎತ್ತಿಟ್ಟು ರಸ್ತೆ ಬದಿ ನಿಂತ ಕುಟುಂಬಗಳನ್ನು ನೀವೂ ನೋಡಿರಬಹುದು. 'ಇಂಜಿನ್ ಹೀಟ್ ಆಯಿತು' ಎಂಬ ಒಂದು ಮಾತಿನ ಹಿಂದೆ ಹಲವು ಕಾರಣಗಳಿರುತ್ತವೆ. ಕಾರು ಯಾವ ಸಂದರ್ಭದಲ್ಲಿ ಬಿಸಿಯಾಯಿತು ಎಂದು ಗಮನಿಸಿದರೆ ಕಾರಣ ಹುಡುಕುವ ಅರ್ಧ ಕೆಲಸ ಮುಗಿದಂತೆ.

ಪೆಟ್ರೋಲಿನ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲು ಶಾಖವಾಗಿ ಕೂಲಂಟ್‌ಗೆ ಸೇರುತ್ತದೆ. ವಾಟರ್ ಪಂಪು ಈ ಕೂಲಂಟನ್ನು ಇಂಜಿನ್ ಮತ್ತು ರೇಡಿಯೇಟರ್ ನಡುವೆ ಸುತ್ತಿಸುತ್ತದೆ. ರೇಡಿಯೇಟರ್‌ಗೆ ಬಡಿಯುವ ಗಾಳಿ ಅದನ್ನು ತಣಿಸುತ್ತದೆ. ಮುಚ್ಚಳ ಬಿಗಿಯಾಗಿದ್ದು ಒಳಗೆ ಒತ್ತಡ ಇರುವುದರಿಂದ ಕೂಲಂಟ್ 100 ಡಿಗ್ರಿಯಲ್ಲಿ ಕುದಿಯುವುದಿಲ್ಲ, ಸುಮಾರು 120 ಡಿಗ್ರಿಯ ತನಕ ತಾಳಿಕೊಳ್ಳುತ್ತದೆ.

ಆದ್ದರಿಂದಲೇ ಬಿಸಿಯಾದ ರೇಡಿಯೇಟರ್‌ನ ಮುಚ್ಚಳವನ್ನು ಎಂದೂ ತೆರೆಯಬಾರದು. ತೆರೆದ ಕ್ಷಣವೇ ಒತ್ತಡ ಇಳಿದು ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಮುಳ್ಳು ಕೆಂಪು ಗೆರೆಯತ್ತ ಏರಿದರೆ, ಅಥವಾ ಕೆಂಪು ದೀಪ ಹತ್ತಿದರೆ, ಎ.ಸಿ. ಆರಿಸಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಇಂಜಿನ್ ಬಂದ್ ಮಾಡಿ. ಮಕ್ಕಳನ್ನು ರಸ್ತೆಯಿಂದ ದೂರ ಕೂರಿಸಿ. ಅರ್ಧ ಗಂಟೆಯಾದರೂ ಕಾಯಿರಿ. ಬಿಸಿ ಇಂಜಿನ್ ಮೇಲೆ ತಣ್ಣೀರು ಸುರಿಯಬೇಡಿ, ಲೋಹ ಬಿರುಕು ಬಿಡಬಹುದು.

ಇನ್ನು ಕಾರಣ ಹುಡುಕೋಣ. ಟ್ರಾಫಿಕ್‌ನಲ್ಲಿ ನಿಂತಾಗ ಬಿಸಿಯೇರಿ, ಓಡುವಾಗ ಇಳಿಯುತ್ತದೆಯೇ? ಹಾಗಾದರೆ ಮೊದಲ ಸಂಶಯ ಫ್ಯಾನಿನ ಮೇಲೆ. ಓಡುವಾಗ ಗಾಳಿ ತಾನಾಗಿ ಬಡಿಯುತ್ತದೆ, ನಿಂತಾಗ ಫ್ಯಾನೇ ಗತಿ. ಕಾರು ನಿಲ್ಲಿಸಿ, ಇಂಜಿನ್ ಚಾಲೂ ಇಟ್ಟು ಎ.ಸಿ. ಹಾಕಿ. ಹೆಚ್ಚಿನ ಕಾರುಗಳಲ್ಲಿ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಫ್ಯೂಸ್, ರಿಲೇ ಅಥವಾ ಮೋಟಾರು ನೋಡಿಸಿ. ಆದರೆ ಕೈಯನ್ನು ಅದರ ಹತ್ತಿರ ಒಯ್ಯಬೇಡಿ, ಇಂಜಿನ್ ಬಂದ್ ಆಗಿದ್ದರೂ ಫ್ಯಾನ್ ಒಮ್ಮೆಲೇ ತಿರುಗಬಹುದು.

ಹೆದ್ದಾರಿಯ ವೇಗದಲ್ಲಿ, ಏರಿನಲ್ಲಿ ಬಿಸಿಯಾದರೆ ರೇಡಿಯೇಟರ್ ಕಟ್ಟಿಕೊಂಡಿರಬಹುದು, ಇಲ್ಲವೇ ಪಂಪು ದುರ್ಬಲವಾಗಿರಬಹುದು. ಹೊರಗಡೆ ಧೂಳು, ಕೀಟಗಳು. ಒಳಗಡೆ ಬೋರ್‌ವೆಲ್ ನೀರಿನ ಉಪ್ಪಿನ ಪದರ. ಸ್ಟಾರ್ಟ್ ಮಾಡಿದ ಕೆಲವೇ ನಿಮಿಷಗಳಲ್ಲಿ ಮುಳ್ಳು ಏರಿದರೆ ಕೂಲಂಟ್ ಕಡಿಮೆಯಾಗಿದೆ, ಅಥವಾ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಇದೆ ಎಂದು ಸಂಶಯಿಸಬೇಕು.

ಕೂಲಂಟ್ ಮತ್ತೆ ಮತ್ತೆ ಕಡಿಮೆಯಾಗುತ್ತಿದೆಯೇ? ಬೆಳಿಗ್ಗೆ ಕಾರಿನಡಿ ಹಸಿರು ಅಥವಾ ಕೆಂಪು ಹನಿ ಕಂಡರೆ ಹೋಸ್, ಪಂಪು ಅಥವಾ ರೇಡಿಯೇಟರ್ ಸೋರುತ್ತಿದೆ. ಎಲ್ಲೂ ಹನಿ ಇಲ್ಲ, ಆದರೆ ಇಂಜಿನ್ ಬಿಸಿಯಾದ ಮೇಲೂ ಸೈಲೆನ್ಸರ್‌ನಿಂದ ದಟ್ಟ ಬಿಳಿ ಹೊಗೆ ನಿಲ್ಲುತ್ತಿಲ್ಲ, ಇಂಜಿನ್ ಆಯಿಲ್ ಹಾಲು ಬೆರೆಸಿದ ಚಹಾದಂತಾಗಿದೆ ಎಂದಾದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಲಕ್ಷಣ. ಅಂಥ ಕಾರನ್ನು ಓಡಿಸದೆ ಎಳೆಸಿಕೊಂಡೇ ಗ್ಯಾರೇಜಿಗೆ ಒಯ್ಯಬೇಕು.

'ಥರ್ಮೋಸ್ಟಾಟ್ ತೆಗೆದುಬಿಡಿ, ಹೀಟ್ ಆಗುವುದಿಲ್ಲ' ಎನ್ನುವ ಮೆಕ್ಯಾನಿಕ್‌ಗಳೂ ಇದ್ದಾರೆ. ಅದನ್ನು ಕೇಳಬೇಡಿ. ಇಂಜಿನ್‌ಗೆ ಹದವಾದ ಬಿಸಿಯೂ ಬೇಕು. ಸದಾ ತಣ್ಣಗಿದ್ದರೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ಕೆಟ್ಟ ಥರ್ಮೋಸ್ಟಾಟ್‌ಗೆ ಪರಿಹಾರ ಹೊಸ ಥರ್ಮೋಸ್ಟಾಟ್.

ದಾರಿಯಲ್ಲಿ ಅನಿವಾರ್ಯವಾದರೆ ಇಂಜಿನ್ ತಣಿದ ಮೇಲೆ ಕುಡಿಯುವ ನೀರನ್ನೇ ತುಂಬಿಸಬಹುದು. ಊರು ಸೇರಿದ ಮೇಲೆ ಅದನ್ನು ತೆಗೆಸಿ, ಕಾರಿನ ಕೈಪಿಡಿಯಲ್ಲಿ ಹೇಳಿದ ಕೂಲಂಟನ್ನೇ ಹಾಕಿಸಿ. ಉಳಿದ ಕೂಲಂಟ್ ಡಬ್ಬಿಯನ್ನು ಮಾತ್ರ ಮಕ್ಕಳ ಕೈಗೆಟುಕದಂತೆ ಇಡಿ. ಅದರಲ್ಲಿರುವ ಎಥಿಲಿನ್ ಗ್ಲೈಕಾಲ್ ರುಚಿಯಲ್ಲಿ ಸಿಹಿ, ಹೊಟ್ಟೆ ಸೇರಿದರೆ ಮೂತ್ರಪಿಂಡವನ್ನೇ ಕೆಡಿಸುವ ವಿಷ. ಹಳೆಯ ನೀರಿನ ಬಾಟಲಿಯಲ್ಲಿ ತುಂಬಿಡುವ ಅಭ್ಯಾಸವಿದ್ದರೆ ಇಂದೇ ಬಿಡಿ.

ವಾರಕ್ಕೊಮ್ಮೆ, ಇಂಜಿನ್ ತಣ್ಣಗಿರುವಾಗ, ಕೂಲಂಟ್ ಡಬ್ಬಿಯ ಎರಡು ಗೆರೆಗಳ ನಡುವೆ ಮಟ್ಟ ಇದೆಯೇ ಎಂದು ನೋಡಲು ಒಂದು ನಿಮಿಷ ಸಾಕು. ಸವೆದ ಹೋಸನ್ನು ಸಕಾಲದಲ್ಲಿ ಬದಲಿಸಿದರೆ ಇಂಜಿನ್ ಬಿಚ್ಚಿಸುವ ಖರ್ಚು ಉಳಿಯುತ್ತದೆ. ಮನೆಯಲ್ಲಿ ಕಾರು ಓಡಿಸುವ ಎಲ್ಲರಿಗೂ, ಗಂಡಸರಿರಲಿ ಹೆಂಗಸರಿರಲಿ, ಇದನ್ನು ಹೇಳಿಕೊಡಿ.