ನಾಟಕಶಾಲೆಯ ಜೀರ್ಣೋದ್ಧಾರ

ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯಲ್ಲಿ ರಿಚ್ಮಂಡ್ ಎಂಬ ಸಣ್ಣ ಪಟ್ಟಣವೊಂದುಂಟು. ಅಲ್ಲಿ 1788ರಲ್ಲಿ ಸ್ಯಾಮ್ಯುಎಲ್ ಬಟ್ಲರ್ ಎಂಬ ನಟನು ಕಟ್ಟಿಸಿದ ನಾಟಕಶಾಲೆಯು ಇಂದಿಗೂ ನಿಂತಿರುವುದಲ್ಲದೆ, ಅದರಲ್ಲಿ ಇಂದಿಗೂ ನಾಟಕಗಳು ನಡೆಯುತ್ತಿರುವುವು. ಅದರ ಚರಿತ್ರೆಯು ನಮ್ಮ ಪುರಸಭೆಗಳ ಸದಸ್ಯರೂ ಅಧಿಕಾರಿಗಳೂ ಮನಸ್ಸಿಟ್ಟು ನೋಡತಕ್ಕುದಾಗಿದೆ.

ಬಟ್ಲರನು ಊರೂರು ತಿರುಗುವ ನಾಟಕಮಂಡಲಿಯ ಯಜಮಾನನು. ಹ್ಯಾರೊಗೇಟ್, ರಿಪನ್, ನಾರ್ಥಲರ್ಟನ್ ಮೊದಲಾದ ಊರುಗಳಲ್ಲಿ ಸರದಿಯಂತೆ ಬಿಡಾರ ಮಾಡಿ ಆಟವಾಡಿಸುತ್ತಿದ್ದನು. 1884ರಲ್ಲಿ ಹುಟ್ಟಿದ ನಮ್ಮ ಗುಬ್ಬಿ ಕಂಪೆನಿಯು ನಡೆದ ದಾರಿಯೂ ಇಂಥದೇ. ರಿಚ್ಮಂಡಿನ ಶಾಲೆಯು ಹೊರಗೆ ನೋಡುವವರಿಗೆ ಸಾಧಾರಣವಾದ ಕಲ್ಲಿನ ಕಟ್ಟಡ. ಒಳಗೆ ಮೂರು ಕಡೆಗಳಲ್ಲಿ ಮರದ ಗೂಡುಗಳಂಥ ಆಸನಗಳು, ನಡುವೆ ತಗ್ಗಾದ ಅಂಗಳ, ಮೇಲೆ ಅಟ್ಟ. ಅಷ್ಟು ಇಕ್ಕಟ್ಟಿನಲ್ಲಿ ಸುಮಾರು 400 ಜನ ಕೂಡುತ್ತಿದ್ದರಂತೆ.

1830ರಲ್ಲಿ ಬಟ್ಲರನ ಮನೆತನದವರು ಗುತ್ತಿಗೆಯನ್ನು ಬಿಟ್ಟುಕೊಟ್ಟರು. ಆ ಮೇಲೆ ನಾಟಕಗಳು ವಿರಳವಾಗಿ ನಿಂತೇಹೋದವು. ಅಂಗಳದಲ್ಲಿ ಮದ್ಯವ್ಯಾಪಾರಿಯ ನೆಲಮಾಳಿಗೆ, ಅದರ ಮೇಲೆ ಹರಾಜಿನ ಕೊಠಡಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ ರದ್ದಿ ಸಾಮಾನಿನ ಉಗ್ರಾಣ: ಹೀಗೆ ನೂರಕ್ಕೂ ಮಿಕ್ಕಿ ವರ್ಷಗಳು ಕಳೆದವು. ಸರಸ್ವತಿಯ ಮನೆಯಲ್ಲಿ ಮೂಟೆಗಳು ಬಿದ್ದಿದ್ದವು, ನಿಜ. ಆದರೆ ಮನೆಯನ್ನು ಯಾರೂ ಕೆಡವಲಿಲ್ಲ. ಆ ಒಂದು ಪುಣ್ಯವೇ ಅದನ್ನು ಉಳಿಸಿತು. 1960ರಲ್ಲಿ ಧರ್ಮದರ್ಶಿಗಳ ಮಂಡಲಿಯೊಂದು ಏರ್ಪಟ್ಟು, ಹಣ ಕೂಡಿಸಿ, ಉಳಿದಿದ್ದ ಮರಗೆಲಸವನ್ನು ಕಾಪಾಡಿಕೊಂಡು ರಿಪೇರಿ ನಡೆಸಿ, 1963ರಲ್ಲಿ ಮತ್ತೆ ಬಾಗಿಲು ತೆರೆಯಿತು. 2003ರಲ್ಲಿ ಮತ್ತೊಮ್ಮೆ ಜೀರ್ಣೋದ್ಧಾರವಾಯಿತು. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದ ಕಾಡಿನ ಪರದೆಯೊಂದನ್ನು ಸಹ ಅಲ್ಲಿ ಜೋಪಾನವಾಗಿಟ್ಟಿರುವರು.

1876ರಲ್ಲಿ ನಮ್ಮ ದೇಶದ ನಾಟಕಗಳಿಗೆ ಕಾಯಿದೆಯ ಮೂಗುದಾರ ಹಾಕಿದ ಆಂಗ್ಲರಿಂದ ನಾವು ಕಲಿಯುವುದೇನೆಂದು ಕೆಲವರು ಕೇಳಬಹುದು. ಅವರು ನಮಗೆ ಮಾಡಿದುದನ್ನು ನಾವು ಮರೆತಿಲ್ಲ. ಆದರೆ ತಮ್ಮ ಊರಿನ ಹಳೆಯ ವಸ್ತುವನ್ನು ತಮ್ಮದೆಂದು ಎಣಿಸುವ ಅಭಿಮಾನವು ಯಾರಲ್ಲಿದ್ದರೂ ಮೆಚ್ಚತಕ್ಕುದೇ. ಸ್ವದೇಶಾಭಿಮಾನವು ಭಾಷಣಗಳಲ್ಲಿ ಮಾತ್ರವಿದ್ದು, ಊರ ನಾಟಕಶಾಲೆಯ ಮಾಡು ಸೋರುತ್ತಿದ್ದರೆ ಅದೆಂತಹ ಅಭಿಮಾನ?

ನಮ್ಮಲ್ಲಿ ಇಂತಹ ಕಟ್ಟಡವು ಹಳತಾದೊಡನೆ, ಅದರ ನಿವೇಶನದ ಬೆಲೆಯೇ ಮೊದಲು ಕಣ್ಣಿಗೆ ಬೀಳುತ್ತದೆ. ಕೆಡವಿ ಅಂಗಡಿಸಾಲು ಕಟ್ಟಿದರೆ ಬಾಡಿಗೆ ಬರುವುದೆಂಬ ಲೆಕ್ಕವು ಸಿದ್ಧವಾಗುತ್ತದೆ. ಬಾಡಿಗೆಯ ಲೆಕ್ಕ ಸುಳ್ಳಲ್ಲ. ಆದರೆ ಅಂಗಡಿಗಳನ್ನು ಬೇರೆಲ್ಲಿಯಾದರೂ ಕಟ್ಟಬಹುದು. ಕೆಡವಿದ ನಾಟಕಶಾಲೆಯನ್ನು ಎಷ್ಟು ಹಣ ಸುರಿದರೂ ತರಲಾಗದು. ಹಣವಿಲ್ಲವೆಂದರೆ ಈಗ ಉಗ್ರಾಣವಾಗಿಯೇ ಇರಲಿ, ಚಿಂತೆಯಿಲ್ಲ. ಮಾಡನ್ನು ಮಾತ್ರ ಭದ್ರಪಡಿಸಿ, ಅಳತೆಯ ನಕ್ಷೆಯನ್ನು ಬರೆಯಿಸಿಡಲಿ. ಹಣ ಬಂದ ದಿನ ಸುಣ್ಣ ಬಳಿದು ಬೀಗ ಹಾಕದೆ, ಊರ ಹವ್ಯಾಸಿ ಮಂಡಲಿಗಳಿಗೂ ಶಾಲೆಯ ಮಕ್ಕಳಿಗೂ ಅಲ್ಪ ಬಾಡಿಗೆಗೆ ಕೊಡಲಿ. ಆಟವಿಲ್ಲದ ನಾಟಕಶಾಲೆಯು ಪೂಜೆಯಿಲ್ಲದ ಗುಡಿಯಂತೆ ಬೇಗನೆ ಪಾಳುಬೀಳುವುದು.

ಹಳೆಯ ನಾಟಕಶಾಲೆಯುಳ್ಳ ಪ್ರತಿಯೊಂದು ಊರಿನ ಪುರಸಭೆಯವರೂ ಅದನ್ನು ಕೆಡಹುವ ಗೊತ್ತುವಳಿಗೆ ರುಜು ಹಾಕುವ ಮುನ್ನ ಒಮ್ಮೆ ಒಳಗೆ ಹೋಗಿ, ರಂಗದ ಮೇಲೆ ನಿಂತು ನೋಡಬೇಕೆಂದು ನಾವು ಅರಿಕೆ ಮಾಡಿಕೊಳ್ಳುತ್ತೇವೆ.