ವಿಶ್ಲೇಷಣೆ: ಹಾಲು ಕೊಡದ ಕಡಸಿಗೆ ಹಿಂಡಿ ಯಾಕೆ? ಲೆಕ್ಕ ಹೇಳುವುದೇ ಬೇರೆ

ಹಾಲು ಉತ್ಪಾದನೆಯಲ್ಲಿ ಭಾರತ ವಿಶ್ವಕ್ಕೇ ನಂ. 1. 2023-24ರಲ್ಲಿ ದೇಶದಲ್ಲಿ ಉತ್ಪಾದನೆಯಾದ ಹಾಲು ಸುಮಾರು 23.9 ಕೋಟಿ ಟನ್. ಆದರೆ ಒಂದೊಂದು ಹಸು ಕೊಡುವ ಹಾಲಿನ ಲೆಕ್ಕಕ್ಕೆ ಬಂದರೆ ನಾವು ಹೈನುಗಾರಿಕೆಯಲ್ಲಿ ಮುಂದುವರಿದ ದೇಶಗಳಿಗಿಂತ ಬಹಳ ಹಿಂದಿದ್ದೇವೆ. ಈ ಅಂತರ ತುಂಬಲು ಕೇಂದ್ರ ಸಚಿವ ಸಂಪುಟ 2025ರ ಮಾರ್ಚ್‌ನಲ್ಲಿ ಪರಿಷ್ಕೃತ ರಾಷ್ಟ್ರೀಯ ಗೋಕುಲ್ ಮಿಷನ್‌ಗೆ ಒಪ್ಪಿಗೆ ನೀಡಿತು. ಯೋಜನೆಯ ಒಟ್ಟು ಗಾತ್ರ 3,400 ಕೋಟಿ ರೂ.

ಇದರಲ್ಲಿ ಕಡಸುಗಳಿಗೇ ಎರಡು ಹೊಸ ಅಂಶಗಳಿವೆ. 15,000 ಕಡಸುಗಳನ್ನು ಸಾಕುವ 30 ಕೇಂದ್ರಗಳಿಗೆ ಬಂಡವಾಳ ವೆಚ್ಚದ ಶೇ. 35ರಷ್ಟು ನೆರವು ಒಂದು. ಉತ್ತಮ ತಳಿಯ ಐವಿಎಫ್ ಕಡಸು ಖರೀದಿಸುವ ರೈತರ ಸಾಲಕ್ಕೆ ಶೇ. 3ರಷ್ಟು ಬಡ್ಡಿ ರಿಯಾಯಿತಿ ಇನ್ನೊಂದು. ತಳಿಗೆ, ಕೊಟ್ಟಿಗೆಗೆ, ಸಾಲಕ್ಕೆ ಹಣ ಸಿಕ್ಕಿತು. ಆದರೆ ರೈತನ ಮನೆಯಲ್ಲಿರುವ ಗಬ್ಬದ ಕಡಸು ಏನು ತಿನ್ನುತ್ತದೆ ಎಂಬ ಪ್ರಶ್ನೆ ಹಾಗೇ ಉಳಿದಿದೆ.

ಮೂರು ಕಡೆ ಹಂಚಿಹೋಗುವ ಆಹಾರ

ಹಸುವಿನ ಗರ್ಭದ ಅವಧಿ ಸುಮಾರು 280 ದಿನ. ಹೊಟ್ಟೆಯೊಳಗಿನ ಕರುವಿನ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಬೆಳೆಯುವುದು ಕೊನೆಯ ಎರಡು-ಮೂರು ತಿಂಗಳಲ್ಲಿ. ಕೆಚ್ಚಲಿನಲ್ಲಿ ಹಾಲು ತಯಾರಿಸುವ ಜೀವಕೋಶಗಳು ವೇಗವಾಗಿ ಹೆಚ್ಚುವುದೂ ಆಗಲೇ. ಮೊದಲ ಸೂಲಿನ ಕಡಸಿಗೆ ಇನ್ನೊಂದು ಹೊರೆಯಿದೆ: ಅದರ ಸ್ವಂತ ದೇಹವೂ ಇನ್ನೂ ಬೆಳೆಯುತ್ತಿರುತ್ತದೆ.

ಬರೀ ರಾಗಿ ಹುಲ್ಲು ಅಥವಾ ಜೋಳದ ಸೊಪ್ಪೆ ಇಷ್ಟನ್ನೂ ಪೂರೈಸಲಾರದು. ಕರು ಹಾಕಿದ ಮೇಲೆ ತಿಂದದ್ದು ಸಾಲದೆ ಹಸು ಮೈಯ ಕೊಬ್ಬು ಕರಗಿಸಿ ಹಾಲು ಕೊಡುತ್ತದೆ. ಮೈಯಲ್ಲಿ ಸಂಗ್ರಹವೇ ಇಲ್ಲದಿದ್ದರೆ ಹಾಲು ಏರಬೇಕಾದ ಮಟ್ಟಕ್ಕೆ ಏರುವುದಿಲ್ಲ, ಮತ್ತೆ ಬೆದೆಗೆ ಬರುವುದೂ ತಡವಾಗುತ್ತದೆ.

ಲೆಕ್ಕ ಹೀಗಿದೆ

ಕೊನೆಯ 60 ದಿನ ದಿನಕ್ಕೆ 2 ಕಿಲೋ ಪಶು ಆಹಾರ ಹೆಚ್ಚು ಕೊಟ್ಟರೆ 120 ಕಿಲೋ ಆಯಿತು. ಕಿಲೋಗೆ 25 ರೂ. ಎಂದು ಹಿಡಿದರೆ ಖರ್ಚು 3,000 ರೂ. ಕರು ಹಾಕಿದ ಒಂದೆರಡು ತಿಂಗಳಲ್ಲಿ ಹಾಲು ಗರಿಷ್ಠ ಮಟ್ಟ ಮುಟ್ಟುತ್ತದೆ. ಆ ಮಟ್ಟದಲ್ಲಿ ದಿನಕ್ಕೆ 1 ಲೀಟರ್ ಹೆಚ್ಚಿದರೆ ಇಡೀ ಸೂಲಿನಲ್ಲಿ ಸುಮಾರು 200 ಲೀಟರ್ ಹೆಚ್ಚುತ್ತದೆ ಎಂಬುದು ಹೈನುಗಾರಿಕೆಯಲ್ಲಿ ರೂಢಿಯಲ್ಲಿರುವ ಲೆಕ್ಕ. ಲೀಟರ್‌ಗೆ 35 ರೂ. ಎಂದರೂ ಅದು 7,000 ರೂ. ಹೆಚ್ಚಿನ ಹಾಲಿಗೆ ತಗಲುವ ಮೇವಿನ ಖರ್ಚು ಕಳೆದರೂ ರೈತನಿಗೆ ನಷ್ಟವಾಗುವ ಸಾಧ್ಯತೆ ಕಡಿಮೆ.

ಹೆಚ್ಚಾದರೂ ಕಷ್ಟ

ಹಾಗೆಂದು ಸುರಿದು ತಿನ್ನಿಸುವುದೂ ಸರಿಯಲ್ಲ. ಅತಿಯಾಗಿ ಕೊಬ್ಬಿದ ಕಡಸಿಗೆ ಹೆರಿಗೆ ಕಷ್ಟ. ಕರು ಹಾಕಿದ ಮೇಲೆ ಅದು ಮೇವು ಕಡಿಮೆ ತಿನ್ನುತ್ತದೆ, ಕೀಟೋಸಿಸ್ ಕಾಡುತ್ತದೆ. ಮೈಕಟ್ಟನ್ನು ಅಳೆಯುವ 5 ಅಂಕಗಳ ಮಾಪನದಲ್ಲಿ 3ರಿಂದ 3.5 ಇದ್ದರೆ ಸಾಕು. ಹಿಂಡಿಯನ್ನು ಒಮ್ಮೆಲೇ ಹೆಚ್ಚಿಸದೆ ಹಂತಹಂತವಾಗಿ ಏರಿಸಿದರೆ ಹೊಟ್ಟೆಯ ಸೂಕ್ಷ್ಮಜೀವಿಗಳು ಹೊಂದಿಕೊಳ್ಳುತ್ತವೆ. ಕೊನೆಯ ವಾರಗಳಲ್ಲಿ ಉಪ್ಪು ಹೆಚ್ಚಾದರೆ ಕೆಚ್ಚಲು ನೀರು ತುಂಬಿ ಊದಿಕೊಳ್ಳುತ್ತದೆ.

ಇನ್ನೊಂದು ಮಾತು: ಕರುವಾಗಿದ್ದಾಗ ಸೊರಗಿದ್ದನ್ನು ಕೊನೆಯ ಎರಡು ತಿಂಗಳ ಹಿಂಡಿ ಪೂರ್ತಿ ತುಂಬಿಕೊಡದು. ಬಲಿತ ಹಸುವಿನ ತೂಕದ ಶೇ. 60ರಷ್ಟಾದರೂ ಬಂದ ಮೇಲೆಯೇ ಗರ್ಭಧಾರಣೆ ಮಾಡಿಸಬೇಕು.

ಪ್ರೋತ್ಸಾಹಧನ ಹಾಲಿಗೆ ಮಾತ್ರ

ಇಷ್ಟು ಸರಳ ಲೆಕ್ಕ ರೈತರಿಗೆ ತಿಳಿಯದು ಎಂದಲ್ಲ. ಎರಡು-ಮೂರು ಹಸು ಕಟ್ಟಿದ ಮನೆಯಲ್ಲಿ ಹಿಂಡಿಯ ದುಡ್ಡು ಬರುವುದು ಡೇರಿಯ ಬಟವಾಡೆಯಿಂದ. ಕರೆಯುವ ಹಸುವಿನ ಪಾಲು ಕಳೆದು ಉಳಿದರೆ ಮಾತ್ರ ಕಡಸಿಗೆ. ಸರ್ಕಾರದ ನೆರವೂ ಅದೇ ದಾರಿ ಹಿಡಿದಿದೆ. ಕರ್ನಾಟಕದಲ್ಲಿ ಕ್ಷೀರಧಾರೆ ಯೋಜನೆಯ 5 ರೂ. ಪ್ರೋತ್ಸಾಹಧನ ಸಿಗುವುದು ಡೇರಿಗೆ ಹಾಕಿದ ಪ್ರತಿ ಲೀಟರ್ ಹಾಲಿಗೆ. ಕಡಸು ಆ ಲೆಕ್ಕದಲ್ಲೇ ಇಲ್ಲ.

ಗಬ್ಬ ಖಚಿತವಾದ ಕಡಸಿಗೆ ಹಾಲು ಒಕ್ಕೂಟಗಳು ಕೊನೆಯ ಎರಡು ತಿಂಗಳ ಪಶು ಆಹಾರವನ್ನು ಸಾಲವಾಗಿ ಕೊಟ್ಟು, ಕರು ಹಾಕಿದ ಮೇಲೆ ಬಟವಾಡೆಯಲ್ಲಿ ಕಂತಾಗಿ ಹಿಡಿದುಕೊಳ್ಳಬಹುದು. ಇದಕ್ಕೆ ಹೊಸ ಕಟ್ಟಡವಾಗಲಿ, ದುಬಾರಿ ತಂತ್ರಜ್ಞಾನವಾಗಲಿ ಬೇಡ. ಇದಿಲ್ಲದಿದ್ದರೆ ಕೋಟಿಗಟ್ಟಲೆ ಸುರಿದು ತಂದ ಉತ್ತಮ ತಳಿಯೂ ಒಣಹುಲ್ಲು ಮೆಲ್ಲುತ್ತ, ತನ್ನ ಸಾಮರ್ಥ್ಯಕ್ಕಿಂತ ಕಡಿಮೆ ಹಾಲನ್ನೇ ಕೊಡುತ್ತದೆ.