ಹಾಲಿನವನಿಗೆ ಮನೆ ಕೀಲಿ ಯಾಕೆ?

ಡಿಸ್ಕೌಂಟ್ ಲೆಕ್ಕವನ್ನು ಅಂಗಡಿಯವರೇ ಬರೆದುಕೊಳ್ಳಲಿ ಅಂತ ನಮ್ಮ ಆ್ಯಪ್‌ನಲ್ಲೊಂದು ಖಾಲಿ ಬಾಕ್ಸ್ ಇಟ್ಟಿದ್ದೆ. ಹಿಂದೆ ಇದ್ದದ್ದು ಜಾವಾಸ್ಕ್ರಿಪ್ಟ್‌ನ 'ಇವಾಲ್'. ಯಾರು ಏನು ಬರೆದರೂ ಅದನ್ನೇ ಕೋಡ್ ಅಂತ ಓಡಿಸಿಬಿಡುತ್ತೆ. ರಿವ್ಯೂ ಮಾಡಿದ ಸೀನಿಯರ್ ಕೇಳಿದ್ರು: "ಹಾಲು ಹಾಕೋನಿಗೆ ಮನೆ ಕೀಲಿ ಯಾಕಪ್ಪಾ ಕೊಟ್ಟೆ?" ನಿಜವೇ. ಪೇಜಿನಲ್ಲಿದ್ದ ಲಾಗಿನ್ ಟೋಕನ್ ಕೂಡ ಆ ಬಾಕ್ಸಿನಿಂದ ಕದಿಯಬಹುದಿತ್ತು.

ಈಗ ಅಲ್ಲಿ ಜೇಸೊನಾಟಾ ಕೂರಿಸಿದ್ದೀನಿ. ಜಾವಾಸ್ಕ್ರಿಪ್ಟ್‌ನಲ್ಲೇ ಬರೆದ ಪುಟ್ಟ ಫಂಕ್ಷನಲ್ ಭಾಷೆ ಇದು; ನೋಡ್-ರೆಡ್ ಬಳಸಿದವರಿಗೆ ಪರಿಚಯ ಇರುತ್ತೆ. ನಾವು ಕೈಗಿಟ್ಟ ಬಿಲ್ಲಿನ ಡೇಟಾ ಓದುತ್ತೆ, ಲೆಕ್ಕ ಹಾಕಿ ಉತ್ತರ ಕೊಡುತ್ತೆ. ಪೇಜು, ಟೋಕನ್ ಅದರ ಕಣ್ಣಿಗೇ ಬೀಳಲ್ಲ.

ಹಾಗಂತ ಮೈಮರೆಯಬೇಡಿ. ತನ್ನನ್ನೇ ಕರೆದುಕೊಳ್ಳುತ್ತಾ ಮುಗಿಯದೇ ಓಡುವ ಫಂಕ್ಷನ್ ಇದರಲ್ಲೂ ಬರೆಯಬಹುದು. ಸಮಯದ ಮಿತಿ ಹಾಕಿ, ಲೈಬ್ರರಿಯನ್ನು ಆಗಾಗ ಅಪ್‌ಡೇಟ್ ಮಾಡಿ. ಹಾಲನ್ನು ಬಾಗಿಲಲ್ಲೇ ಇಸ್ಕೊಳ್ಳಿ, ಸಾಕು.